ಉಧ್ನಾದ ಓರೆಗೆರೆಗಳು

ಸೂರತ್ತಿನ ಉಧ್ನಾದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಸ್ಪ್ಯಾನಿಷ್ ಶುರುವಾದದ್ದು ಸ್ಪೇನಿನ ಮೇಲಿನ ಪ್ರೀತಿಯಿಂದಲ್ಲ, ಎದುರು ರಸ್ತೆಯ ಶಾಲೆಯ ಮೇಲಿನ ಹೊಟ್ಟೆಕಿಚ್ಚಿನಿಂದ. ಎದುರಿನವರು ಫ್ರೆಂಚ್ ಆರಂಭಿಸಿ, ಗೇಟಿನ ಮೇಲೆ ಐಫೆಲ್ ಗೋಪುರದ ಚಿತ್ರ ಬರೆಸಿ, ಅದಕ್ಕೆ ದೀಪಾವಳಿಯ ಸೀರಿಯಲ್ ಲೈಟು ಬೇರೆ ಸುತ್ತಿದ್ದರು. ಇದನ್ನು ದಿನಾ ಕಾರಿನಲ್ಲಿ ಕೂತು ನೋಡುತ್ತಿದ್ದ ಟ್ರಸ್ಟಿ ಕಿಶೋರ್‌ಭಾಯಿ ಒಂದು ದಿನ ಮೀಟಿಂಗ್ ಕರೆದರು. ಅವರಿಗೆ ಪಾಲಿಯೆಸ್ಟರ್ ದುಪಟ್ಟಾಗಳ ಮಿಲ್ಲು ಇತ್ತು, ಮಾಲು ಮೆಕ್ಸಿಕೋದ ತನಕ ಹೋಗುತ್ತಿತ್ತು.

"ಫ್ರಾನ್ಸಿನವರು ಇವತ್ತಿನ ತನಕ ನನ್ನ ಒಂದು ಮೀಟರ್ ಬಟ್ಟೆ ತಗೊಂಡಿಲ್ಲ. ಮೆಕ್ಸಿಕೋದವರು ತಗೊಳ್ತಾರೆ. ನಮ್ಮ ಮಕ್ಕಳು ಗಿರಾಕಿಯ ಭಾಷೆ ಕಲೀಲಿ" ಎಂದರು.

ಆ ಮೀಟಿಂಗಿನಲ್ಲಿ ಸ್ಪ್ಯಾನಿಷ್ ಬರುತ್ತಿದ್ದದ್ದು ಒಬ್ಬಳಿಗೆ ಮಾತ್ರ. ಆರನೇ ಕ್ಲಾಸಿಗೆ ಇಂಗ್ಲಿಷ್ ಕಲಿಸುತ್ತಿದ್ದ ಶ್ರುತಿ ಐತಾಳ ವಡೋದರಾದಲ್ಲಿ ಬಿ.ಎ. ಓದುವಾಗ ಗೋರ್ವಾದ ಒಂದು ಪೀಜಿಯಲ್ಲಿದ್ದಳು. ಪೀಜಿಯಲ್ಲಿ ಫ್ಯಾನ್ ಕೂಡ ಸರಿಯಾಗಿ ತಿರುಗುತ್ತಿರಲಿಲ್ಲ. ಸಂಜೆ ಸ್ಪ್ಯಾನಿಷ್ ಡಿಪ್ಲೊಮಾ ನಡೆಯುತ್ತಿದ್ದ ಕೋಣೆಯಲ್ಲಿ ಏಸಿ ಇತ್ತು. ಮೇ ತಿಂಗಳ ಸೆಕೆಗೆ ಹೆದರಿ ಸೇರಿದವಳು, ಚಳಿಗಾಲ ಬರುವಷ್ಟರಲ್ಲಿ ಆ ಭಾಷೆಯನ್ನು ನಿಜವಾಗಿಯೂ ಇಷ್ಟಪಟ್ಟುಬಿಟ್ಟಿದ್ದಳು. ಅವಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಬಸ್ಸಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಇತ್ತು. ಈ ನಾಲ್ಕರಲ್ಲಿ ಯಾವುದನ್ನು ಮಾತಾಡಿದರೂ ಯಾರಾದರೊಬ್ಬರು ತಿದ್ದುತ್ತಿದ್ದರು. ಸ್ಪ್ಯಾನಿಷನ್ನು ತಿದ್ದುವವರು ಸೂರತ್ತಿನಲ್ಲಿ ಯಾರೂ ಇರಲಿಲ್ಲ.

ಜೂನ್ ತಿಂಗಳಲ್ಲಿ ಪಾಠ ಶುರುವಾಯಿತು. ಮಕ್ಕಳು ನಮಸ್ಕಾರ, ಧನ್ಯವಾದ, ಒಂದರಿಂದ ನೂರು ಎಲ್ಲವನ್ನೂ ಬೇಗ ಕಲಿತರು. ತೊಂದರೆ ಬಂದದ್ದು ಅಕ್ಷರಗಳ ನೆತ್ತಿಯ ಮೇಲೆ ಬರುವ ಸಣ್ಣ ಓರೆಗೆರೆಯಿಂದ. ಸ್ಪ್ಯಾನಿಷಿನಲ್ಲಿ ಪ್ರತಿ ಪದಕ್ಕೂ ಒಂದು ಕಡೆ ಒತ್ತು ಬೀಳುತ್ತದೆ. ಪದ ಸ್ವರದಿಂದಲೋ, ಎನ್ ಅಥವಾ ಎಸ್ ಅಕ್ಷರದಿಂದಲೋ ಮುಗಿದರೆ ಕೊನೆಯಿಂದ ಎರಡನೆಯ ತುಂಡಿನ ಮೇಲೆ ಒತ್ತು. ಬೇರೆ ಅಕ್ಷರದಿಂದ ಮುಗಿದರೆ ಕೊನೆಯ ತುಂಡಿನ ಮೇಲೆ. ಈ ನಿಯಮ ಪಾಲಿಸುವ ಪದಕ್ಕೆ ಗೆರೆ ಬೇಡ. ಮುರಿಯುವ ಪದ ಮಾತ್ರ, ಪೊಲೀಸರು ಚಕ್ರಕ್ಕೆ ಬೀಗ ಹಾಕಿದ ಸ್ಕೂಟರಿನ ಹಾಗೆ, ಎಲ್ಲಿ ಸಿಕ್ಕಿಬಿತ್ತೋ ಅಲ್ಲೇ ಗೆರೆ ಹೊತ್ತು ನಿಲ್ಲಬೇಕು.

ಶ್ರುತಿ ಇದನ್ನು ಹೀಗೆಯೇ ವಿವರಿಸಿದಳು. ಮಕ್ಕಳು ತಲೆಯಾಡಿಸಿದರು. ಆಮೇಲೆ ಅರ್ಧ ಮಂದಿ ಒಂದೇ ಒಂದು ಗೆರೆ ಹಾಕದೆ ಬರೆದರು. ಇನ್ನರ್ಧ ಮಂದಿ ಒಗ್ಗರಣೆಗೆ ಸಾಸಿವೆ ಎಸೆದಂತೆ ಸಿಕ್ಕಸಿಕ್ಕ ಸ್ವರದ ಮೇಲೆಲ್ಲ ಎಸೆದರು. ಯಾವುದಾದರೂ ಒಂದು ಸರಿಯಾದ ಕಡೆ ಬಿದ್ದೇ ಬೀಳುತ್ತದೆಂಬ ವ್ಯಾಪಾರೀ ಬುದ್ಧಿ ಅದು. ಊರೇ ಅಂಥದು.

ನವರಾತ್ರಿ ಹತ್ತಿರ ಬಂದಾಗ ಅವಳಿಗೊಂದು ಉಪಾಯ ಹೊಳೆಯಿತು. ಬೆಂಚುಗಳನ್ನು ಗೋಡೆಗೆ ಸರಿಸಿ, ಮಕ್ಕಳನ್ನು ಗರ್ಬಾಕ್ಕೆ ನಿಲ್ಲಿಸಿದಂತೆ ದುಂಡಗೆ ನಿಲ್ಲಿಸಿದಳು. ಪದದ ಒಂದೊಂದು ತುಂಡಿಗೆ ಒಂದೊಂದು ಹೆಜ್ಜೆ, ಒತ್ತು ಬೀಳುವಲ್ಲಿ ಚಪ್ಪಾಳೆ. ಗರ್ಬಾದ ಊರಿನ ಮಕ್ಕಳಿಗೆ ಚಪ್ಪಾಳೆ ಎಲ್ಲಿ ಬೀಳಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ವಾರದಲ್ಲಿ ಇಡೀ ತರಗತಿ ಸ್ಪ್ಯಾನಿಷನ್ನು ಕುಣಿಯತೊಡಗಿತು. ಕೆಳಗಿನ ಮಹಡಿಯ ಗಣಿತದ ಮೇಷ್ಟ್ರು ದೂರು ಕೊಟ್ಟರು. ಕಿವಿ ಪಳಗಿತು, ಕೈ ಮಾತ್ರ ಪಳಗಲಿಲ್ಲ. ಚಪ್ಪಾಳೆ ಸರಿಯಾಗಿ ಹೊಡೆದವರೇ ಬರೆಯುವಾಗ ಗೆರೆ ಮರೆಯುತ್ತಿದ್ದರು.

ಈ ಗೆರೆ ಯಾಕೆ ಬೇಕೆಂದು ಒಂದು ದಿನ ಪೂಜಾ ಎದ್ದು ನಿಂತು ಕೇಳಿಯೇ ಬಿಟ್ಟಳು. ಪೂಜಾ ಕಿಶೋರ್‌ಭಾಯಿಯ ಮೊಮ್ಮಗಳು. ಹನ್ನೊಂದು ವರ್ಷದ, ಎರಡು ಜಡೆಯ, ಯಾವ ವಿಷಯಕ್ಕೂ ಮೊದಲು ಲಾಭನಷ್ಟ ನೋಡುವ ಹುಡುಗಿ.

"ಮ್ಯಾಮ್, ಗೆರೆ ಹಾಕದಿದ್ರೆ ನಷ್ಟ ಏನು? ಓದೋರಿಗೆ ಅರ್ಥ ಆಗತ್ತಲ್ಲ."

ಶ್ರುತಿ ಹಲಗೆಯ ಮೇಲೆ ಒಂದು ವಾಕ್ಯ ಬರೆದಳು: Mi papá habla inglés. "ಇದರ ಅರ್ಥ?"

"ನನ್ನ ಅಪ್ಪ ಇಂಗ್ಲಿಷ್ ಮಾತಾಡ್ತಾರೆ" ಎಂದಳು ಪೂಜಾ.

ಶ್ರುತಿ ಡಸ್ಟರಿನ ಮೂಲೆಯಿಂದ ಎರಡು ಗೆರೆಗಳನ್ನು ಒರೆಸಿದಳು. "ಈಗ ಇದು ಪಪಾ ಅಲ್ಲ, ಪಾಪ. ಪಾಪ ಅಂದರೆ ಆಲೂಗಡ್ಡೆ."

ತರಗತಿ ನಗತೊಡಗಿತು. ಅವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮಕ್ಕಳು ಮೊದಲ ಸಲ ಗೆರೆಯ ವಿಷಯದಲ್ಲಿ ಕುತ್ತಿಗೆ ಮುಂದೆ ಚಾಚಿ ಕೂತಿದ್ದರು, ಆ ಸುಖವನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

"ಇನ್ನೊಂದು ಪದ. ಗೆರೆ ಇದ್ದರೆ ಇಂಗ್ಲೇಸ್, ಅಂದರೆ ಇಂಗ್ಲಿಷ್. ಗೆರೆ ತೆಗೆದರೆ ಒತ್ತು ಹಿಂದಕ್ಕೆ ಜಾರುತ್ತದೆ, ಈಂಗ್ಲೆಸ್ ಆಗುತ್ತದೆ. ಅಂದರೆ ತೊಡೆಸಂದು. ಬಹುವಚನ, ಎರಡೂ ಕಡೆಯದು."

ನನ್ನ ಆಲೂಗಡ್ಡೆ ತೊಡೆಸಂದು ಮಾತಾಡುತ್ತದೆ. ಆರನೇ ಕ್ಲಾಸು ಬೆಂಚಿನಿಂದ ಕೆಳಗೆ ಬಿತ್ತು. ಒಬ್ಬನಿಗೆ ಬಿಕ್ಕಳಿಕೆ ಬಂದು ನೀರು ಕುಡಿಸಬೇಕಾಯಿತು.

ಮರುದಿನದಿಂದ ಯಾರೂ ಗೆರೆ ಮರೆಯಲಿಲ್ಲ. ಮರೆಯುವುದಿರಲಿ, ಡಿಕ್ಷನರಿ ತೆರೆದು ಗೆರೆ ತೆಗೆದರೆ ಕೆಟ್ಟುಹೋಗುವ ಪದಗಳನ್ನು ಬೇಟೆಯಾಡತೊಡಗಿದರು. ವರ್ಷಕ್ಕೆ ಸ್ಪ್ಯಾನಿಷಿನಲ್ಲಿ ಆಞೊ. ಅದರಲ್ಲಿ ಎನ್ ಅಕ್ಷರದ ಮೇಲೆ ಹಾವಿನಂಥ ಒಂದು ಡೊಂಕು ಇರುತ್ತದೆ. ಅದು ಒತ್ತಿನ ಗೆರೆಯಲ್ಲ, ಬೇರೆಯದೇ ಅಕ್ಷರ, ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಞ ಇದ್ದಂತೆ ಎಂದು ಶ್ರುತಿ ಹೇಳಿದ್ದಳು. ಆ ಡೊಂಕು ಅಳಿಸಿದರೆ ಆನೊ ಆಗುತ್ತದೆ ಎಂದೂ, ಆನೊ ಎಂದರೆ ಗುದದ್ವಾರ ಎಂದೂ ಅವಳು ಹೇಳಿರಲಿಲ್ಲ. ಅದನ್ನು ಪೂಜಾ ತಾನೇ ಹುಡುಕಿ ತಂದು, ನನಗೆ ಹನ್ನೊಂದು ವರ್ಷ ಎಂಬ ವಾಕ್ಯವನ್ನು ಡೊಂಕಿಲ್ಲದೆ ಓದಿ ಎಲ್ಲರಿಗೂ ಕೇಳಿಸಿದಳು. ಶ್ರುತಿ ಗಂಭೀರವಾಗಿರಲು ಕಿಟಕಿಯ ಕಡೆ ತಿರುಗಿ ನಿಂತಳು. ತಿಂಗಳ ಪರೀಕ್ಷೆಯಲ್ಲಿ ಇಡೀ ಕ್ಲಾಸಿನ ಗೆರೆಗಳು ಸರಿಯಾಗಿದ್ದವು.

ಅದೇ ವಾರ ಪ್ರಿನ್ಸಿಪಾಲ್ ಪೂರ್ವಿ ದೇಸಾಯಿಯವರಿಂದ ಕರೆ ಬಂತು. ಪೂರ್ವಿ ಮೇಡಂ ಮೊದಲು ಕೆಮಿಸ್ಟ್ರಿ ಕಲಿಸುತ್ತಿದ್ದವರು. ಯಾವುದು ಯಾವುದರ ಜೊತೆ ಸೇರಿದರೆ ಸಿಡಿಯುತ್ತದೆ ಎಂಬುದರ ಮೇಲೆಯೇ ಸದಾ ಅವರ ಕಣ್ಣು.

"ಪೂಜಾಳ ಅಮ್ಮ ಫೋನ್ ಮಾಡಿದ್ರು. ಹುಡುಗಿ ಊಟದ ಹೊತ್ತಲ್ಲಿ ಅಪ್ಪನಿಗೆ ಬಟಾಟೆ ಅಂದಳಂತೆ."

"ಸ್ಪ್ಯಾನಿಷಿನಲ್ಲೋ ಮೇಡಂ, ಗುಜರಾತಿಯಲ್ಲೋ?"

"ಎರಡರಲ್ಲೂ. ಮತ್ತೆ ಬೇರೆ ಪದಗಳೂ ಇವೆಯಂತೆ, ದೇಹದ್ದು. ಅವನ್ನ ಅವರು ಫೋನಲ್ಲಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ತಿಳಿಯೋದೂ ಬೇಡ."

"ಗೆರೆ ನೆನಪಿರಲಿ ಅಂತ ಹೇಳಿದ್ದು ಮೇಡಂ. ಈಗ ಒಂದು ಮಗುವೂ ತಪ್ಪು ಮಾಡಲ್ಲ."

"ತಪ್ಪು ಮಾಡಲಿ ಶ್ರುತಿ. ತಪ್ಪು ಮಾಡಿದ್ರೆ ಒಂದು ಮಾರ್ಕ್ಸ್ ಹೋಗತ್ತೆ. ಟ್ರಸ್ಟಿ ಸೊಸೆಗೆ ಸಿಟ್ಟು ಬಂದ್ರೆ ಏನೇನು ಹೋಗತ್ತೆ ಗೊತ್ತಾ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನು ಮೇಲೆ ಆ ಭಾಗಗಳ ಹೆಸರು ಈ ಶಾಲೆಯೊಳಗೆ ನಿಮ್ಮ ಬಾಯಿಂದ ಬರಬಾರದು. ಯಾವ ಭಾಷೆಯಲ್ಲೂ."

ಶ್ರುತಿ ಒಪ್ಪಿಕೊಂಡಳು. ಒಪ್ಪದೆ ಮಾಡುವುದೇನಿತ್ತು. ತರಗತಿಗೆ ಬಂದು ಮಕ್ಕಳಿಗೂ ಆಜ್ಞೆ ಮುಟ್ಟಿಸಿದಳು. "ಆ ಪದಗಳನ್ನು ಇನ್ನು ಹೇಳುವಂತಿಲ್ಲ."

"ಬರೀಬಹುದಾ ಮ್ಯಾಮ್?" ಪೂಜಾ ಕೇಳಿದಳು.

"ಇಲ್ಲ."

"ಮನಸ್ಸಲ್ಲಿ ಅಂದ್ಕೋಬಹುದಾ?"

"ಅದರ ಬಗ್ಗೆ ಮೇಡಂ ಏನೂ ಹೇಳಿಲ್ಲ."

ಮಕ್ಕಳು ತೃಪ್ತರಾದರು. ಅಂದಿನಿಂದ ಆ ತರಗತಿಯಲ್ಲಿ ಯಾರಾದರೂ ಗೆರೆ ಬಿಟ್ಟು ಬರೆದರೆ ಇಡೀ ಕ್ಲಾಸು ಮೌನವಾಗಿ ಭುಜ ಕುಣಿಸುತ್ತಿತ್ತು.

ಜನವರಿಯಲ್ಲಿ ಶಾಲೆಯ ಬೆಳ್ಳಿಹಬ್ಬ. ಮುಖ್ಯ ಅತಿಥಿಯಾಗಿ ಮೆಕ್ಸಿಕೋದ ಲುಸೀಯಾ ಎಂಬಾಕೆ ಬರುವುದೆಂದು ಕಿಶೋರ್‌ಭಾಯಿ ಗೊತ್ತುಮಾಡಿದರು. ಆಕೆ ಅವರ ದುಪಟ್ಟಾಗಳ ಅತಿ ದೊಡ್ಡ ಗಿರಾಕಿ, ಹೇಗೂ ಮಾಲು ನೋಡಲು ಸೂರತ್ತಿಗೆ ಬರುವವರಿದ್ದರು. ಎದುರಿನ ಶಾಲೆಗೆ ಇವತ್ತಿನ ತನಕ ಒಬ್ಬ ಫ್ರೆಂಚ್ ಮನುಷ್ಯನೂ ಬಂದಿರಲಿಲ್ಲ. ಕಿಶೋರ್‌ಭಾಯಿಗೆ ಒಂದು ದೊಡ್ಡ ಬ್ಯಾನರ್ ಬೇಕಾಯಿತು, ಸ್ಪ್ಯಾನಿಷಿನಲ್ಲಿ. ಇಂಗ್ಲಿಷ್ ಮಾಧ್ಯಮ ಶಿಕ್ಷಣದ ಇಪ್ಪತ್ತೈದು ವರ್ಷಗಳು ಎಂದು ಅದರಲ್ಲಿರಬೇಕು.

ಶ್ರುತಿ ಬರೆದುಕೊಟ್ಟಳು: 25 AÑOS DE EDUCACIÓN EN INGLÉS. ಡೊಂಕು, ಗೆರೆ, ಗೆರೆ, ಮೂರನ್ನೂ ದಪ್ಪಗೆ ಬರೆದಿದ್ದಳು.

ಬ್ಯಾನರು ಕಿಶೋರ್‌ಭಾಯಿಯ ಮಿಲ್ಲಿನಲ್ಲಿಯೇ, ದುಪಟ್ಟಾ ಅಚ್ಚು ಹಾಕುವ ಯಂತ್ರದಲ್ಲಿಯೇ ತಯಾರಾಯಿತು. ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಅದನ್ನು ಮೊದಲ ಮಹಡಿಯ ಕಾರಿಡಾರಿನ ಕಟಕಟೆಗೆ ಈ ತುದಿಯಿಂದ ಆ ತುದಿಗೆ ಕಟ್ಟಿದರು. ಬಿಳಿ ಪಾಲಿಯೆಸ್ಟರ್ ಮೇಲೆ ಆಳೆತ್ತರದ ನೀಲಿ ಅಕ್ಷರಗಳು. ಶ್ರುತಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದಳು.

ಮೂರೂ ಹೋಗಿದ್ದವು.

ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅನಿಲ್ ಅಲ್ಲಿಯೇ ಹಗ್ಗ ಬಿಗಿಯುತ್ತಿದ್ದ. ಅಚ್ಚಿಗೆ ಹೋಗುವ ಮುಂಚೆ ಡಿಸೈನಿನಲ್ಲಿ ಕಲೆಗಿಲೆ ಇದ್ದರೆ ತೆಗೆಯುವುದೇ ಅವನ ಕೆಲಸ. "ಅಕ್ಷರದ ಮೇಲೆ ದೂಳು ಕೂತಿತ್ತು ಶ್ರುತಿಬೆನ್. ಕ್ಲೀನ್ ಮಾಡಿದೆ" ಎಂದ, ಅಭಿಮಾನದಿಂದಲೇ.

ದೂಳು ಒರೆಸಿದ ಮೇಲೆ ಉಳಿದ ವಾಕ್ಯದ ಅರ್ಥ ಇಷ್ಟೇ: ತೊಡೆಸಂದುಗಳಲ್ಲಿ ಶಿಕ್ಷಣ ಕೊಟ್ಟ ಇಪ್ಪತ್ತೈದು ಗುದದ್ವಾರಗಳು.

ಶ್ರುತಿ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದಳು.

"ಮೇಡಂ, ಬ್ಯಾನರಲ್ಲಿ ತಪ್ಪಾಗಿದೆ. ಗೆರೆಗಳು ಬಿಟ್ಟುಹೋಗಿವೆ."

"ಕಿಶೋರ್‌ಭಾಯಿಗೂ ಯಾರೋ ಹಾಗಂದ್ರು. ದೊಡ್ಡಕ್ಷರಕ್ಕೆ ಗೆರೆ ಬೇಡ ಅಂದ್ರು ಅವರು."

"ಬೇಕು ಮೇಡಂ, ದೊಡ್ಡಕ್ಷರಕ್ಕೂ ಬೇಕು. ಇಲ್ಲದಿದ್ದರೆ ಅರ್ಥ ಬೇರೆ ಆಗತ್ತೆ."

"ಏನಾಗತ್ತೆ?"

ಶ್ರುತಿ ಬಾಯಿ ತೆರೆದಳು, ಮುಚ್ಚಿದಳು. "ನೀವು ಹೇಳಬಾರದು ಅಂದಿದ್ದು ಆಗತ್ತೆ."

ಪೂರ್ವಿ ಮೇಡಂ ಅವಳನ್ನು ದಿಟ್ಟಿಸಿದರು. "ಮತ್ತೆ ಶುರು ಮಾಡಿದ್ರಾ? ಇಡೀ ಭಾಷೆಯಲ್ಲಿ ಬೇರೆ ಪದವೇ ಇಲ್ವಾ? ನೀವು ಏನು ನೋಡಿದ್ರೂ ಅದೇ ಕಾಣ್ಸತ್ತಾ?"

"ನಾನು ನೋಡ್ತಾ ಇಲ್ಲ ಮೇಡಂ, ಅದು ಅಲ್ಲಿ ನೇತಾಡ್ತಾ ಇದೆ."

"ಹೋಗಿ, ಮಕ್ಕಳ ಡ್ಯಾನ್ಸ್ ಪ್ರಾಕ್ಟೀಸ್ ನೋಡ್ಕೊಳ್ಳಿ" ಎಂದರು ಮೇಡಂ. ಅಲ್ಲಿಗೆ ಮಾತು ಮುಗಿಯಿತು.

ಸಂಜೆ ಶ್ರುತಿ ಅಪ್ಪನ ಹೋಟೆಲಿಗೆ ಬಂದು ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕುಸಿದಳು. ಕೋಟ ಕಡೆಯಿಂದ ಬಂದ ನಾರಾಯಣ ಐತಾಳರು ಉಧ್ನಾ ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟು ಮಗಳ ವಯಸ್ಸಿಗಿಂತ ಹೆಚ್ಚು ಕಾಲವಾಗಿತ್ತು. ಕಿಶೋರ್‌ಭಾಯಿ ಅವರ ಹಳೆಯ ಗಿರಾಕಿ, ಬೆಳಿಗ್ಗೆ ಇಡ್ಲಿಗೆ ಬಾರದ ದಿನವಿಲ್ಲ.

"ಎಂತ ಮಗಾ, ಮುಖ ಬಾಡಿದೆ?"

ಶ್ರುತಿ ಎಲ್ಲವನ್ನೂ ಹೇಳಿದಳು. ಹೋಟೆಲು ಶಾಲೆಯ ಹೊರಗಿತ್ತು, ಹಾಗಾಗಿ ಪದಗಳನ್ನೂ ಹೇಳಿದಳು. ಐತಾಳರು ಗಲ್ಲಾದ ಮೇಲಿದ್ದ ಗಣಪತಿಯ ಪಟದ ಕಡೆಗೊಮ್ಮೆ ನೋಡಿದರು.

"ಅಪ್ಪ, ಬೆಳಿಗ್ಗೆ ಅವರು ಬಂದಾಗ ನೀವೇ ಹೇಳಿ. ನಿಮ್ಮ ಮಾತು ಕೇಳ್ತಾರೆ."

"ನಾನಾ? ಹಣೆಗೆ ತಿಲಕ ಇಟ್ಟು ಹವೇಲಿ ದೇವಸ್ಥಾನದಿಂದ ದರ್ಶನ ಮುಗಿಸಿ ಬರುವ ಜನ ಅದು. ಇಡ್ಲಿ ಇಡುವಾಗ ನಾನು ಅದನ್ನು ಹೇಳೂದಾ?"

ಒಳಗಿನಿಂದ ತಾಯಿ ಸುಮತಿ ಕೈ ಒರೆಸುತ್ತ ಬಂದರು. ಅವರಿಗೆ ಎಲ್ಲವೂ ಕೇಳಿಸಿತ್ತು. "ಅದರಲ್ಲಿ ಎಂತ ಉಂಟು? ಕುಂಡೆ ಅಂತ ಹೇಳಿದ್ರಾಯ್ತು. ಯಾರಿಗಿಲ್ಲ ಅದು?"

"ಕುಂಡೆ ಅಲ್ಲ ಅಮ್ಮ" ಎಂದಳು ಶ್ರುತಿ. "ಅದಕ್ಕಿಂತ ಸ್ವಲ್ಪ ಒಳಗೆ."

"ಹಾಗಾದ್ರೆ ಸ್ವಲ್ಪ ಒಳಗೆ ಅಂತಾನೂ ಹೇಳು."

"ನೀನೊಂದು" ಎಂದರು ಐತಾಳರು. "ಗಿರಾಕಿಗಳು ಕೂತಿದ್ದಾರೆ."

"ಅವರಿಗೆ ಕನ್ನಡ ಎಲ್ಲಿ ಬರ್ತದೆ" ಎಂದು ಸುಮತಿ ಒಳಗೆ ಹೋದರು. ಮೂಲೆಯ ಟೇಬಲಿನಲ್ಲಿ ದೋಸೆ ತಿನ್ನುತ್ತಿದ್ದ ರೈಲ್ವೆಯ ಗುಂಡಪ್ಪನವರು, ಹುಬ್ಬಳ್ಳಿಯವರು, ತಲೆ ತಗ್ಗಿಸಿ ಚಟ್ನಿಯನ್ನೇ ನೋಡುತ್ತಿದ್ದರು.

ಬೆಳಿಗ್ಗೆ ಕಿಶೋರ್‌ಭಾಯಿ ಇಡ್ಲಿಗೆ ಬರಲಿಲ್ಲ. ಅತಿಥಿಯನ್ನು ಕರೆತರುವ ಗಡಿಬಿಡಿಯಲ್ಲಿ ಕಾರು ತೊಳೆಸಲು ಹೋಗಿದ್ದರು. ಅವರು ಶಾಲೆಗೆ ಬಂದಾಗ ಮಕ್ಕಳು ಆಗಲೇ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಒಂದರಿಂದ ಐದನೆಯವರು ಸುಮ್ಮನಿದ್ದರು, ಏಳರಿಂದ ಮೇಲಿನವರು ಆಕಳಿಸುತ್ತಿದ್ದರು. ಆರನೆಯ ಕ್ಲಾಸು ಮಾತ್ರ ಬ್ಯಾನರಿನ ಕೆಳಗೆ ಕುಲುಕುಲು ಕುಲುಕುತ್ತಿತ್ತು. ಯಾರ ಬಾಯಿಂದಲೂ ಸದ್ದಿಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು. ಕೆಲವರ ಕಣ್ಣಲ್ಲಿ ನೀರು.

ಕಿಶೋರ್‌ಭಾಯಿ ಮೊಮ್ಮಗಳ ಮುಂದೆ ನಿಂತರು. "ಏನಾಯ್ತು ಪೂಜಾ? ಯಾಕೆ ನಗ್ತಿದ್ದೀರಿ?"

"ದಾದಾ, ಅದನ್ನ ಹೇಳೋ ಹಾಗಿಲ್ಲ."

"ಯಾರು ಹೇಳಿದ್ದು ಹಾಗಿಲ್ಲ ಅಂತ?"

"ಶ್ರುತಿ ಮ್ಯಾಮ್."

ಶ್ರುತಿಯನ್ನು ಕರೆದರು. ಪೂರ್ವಿ ಮೇಡಂ ಹಿಂದೆಯೇ ಓಡಿ ಬಂದರು.

"ನನಗೆ ಪ್ರಿನ್ಸಿಪಾಲ್ ಮೇಡಂ ಹೇಳಬಾರದು ಅಂದಿದ್ದಾರೆ ಸರ್" ಎಂದಳು ಶ್ರುತಿ.

"ನನಗೆ ನಿಮ್ಮ ಸೊಸೆ ಫೋನ್ ಮಾಡಿದ್ರು" ಎಂದರು ಪೂರ್ವಿ ಮೇಡಂ.

ಕಿಶೋರ್‌ಭಾಯಿ ಮೂವರನ್ನೂ ನೋಡಿದರು. ಮಿಲ್ಲಿನಲ್ಲಿ ತಪ್ಪು ಯಾರದೆಂದು ಕೇಳಿದಾಗಲೂ ಹೀಗೆಯೇ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಅವರಿಗೆ ಹೊಸದಲ್ಲ. "ಟ್ರಸ್ಟಿ ನಾನು. ನಾನು ಪರ್ಮಿಷನ್ ಕೊಡ್ತಿದ್ದೀನಿ. ಹೇಳು ಬೇಟಾ, ಏನು ಬರೆದಿದೆ ಅಲ್ಲಿ?"

ಶ್ರುತಿ ಹತ್ತಿರ ಸರಿದು, ಶುದ್ಧ ಗುಜರಾತಿಯಲ್ಲಿ, ಮೊದಲ ಪದದಿಂದ ಕೊನೆಯ ಪದದವರೆಗೆ ಅರ್ಥ ಹೇಳಿದಳು. ಪೂರ್ವಿ ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದು ಗಾಬರಿಯೋ ನಗುವೋ ಹೇಳುವುದು ಕಷ್ಟವಿತ್ತು. ಕಿಶೋರ್‌ಭಾಯಿ ಬ್ಯಾನರಿನ ಕಡೆ ತಲೆಯೆತ್ತಿದರು.

"ಎಷ್ಟು ಅಂದೆ?"

"ಇಪ್ಪತ್ತೈದು ಸರ್."

ಅವರು ನಿಧಾನವಾಗಿ ತಲೆಯಾಡಿಸಿದರು. ಆಮೇಲೆ ಗಡಿಯಾರ ನೋಡಿದರು. ಅವರ ಮಗ ಲುಸೀಯಾರನ್ನು ಅವರು ಇಳಿದುಕೊಂಡಿದ್ದ ಹೋಟೆಲಿನಿಂದ ಹತ್ತಿಸಿಕೊಂಡು ಆಗಲೇ ಹೊರಟಾಗಿತ್ತು. "ಇಳಿಸಿಬಿಡಿ ಅದನ್ನ."

"ಇಳಿಸಿದ್ರೆ ಹಿಂದಿನ ಗೋಡೆ ಕಾಣತ್ತೆ ಸರ್. ಬಣ್ಣ ಎದ್ದುಹೋಗಿದೆ" ಎಂದರು ಪೂರ್ವಿ ಮೇಡಂ. ಬೆಳ್ಳಿಹಬ್ಬಕ್ಕೆ ಬಣ್ಣ ಹೊಡೆಸದೆ ಅಲ್ಲಿ ಬ್ಯಾನರ್ ಕಟ್ಟಿದ್ದೇ ಅದಕ್ಕಾಗಿ.

ಶ್ರುತಿಯ ಕಣ್ಣು ಅಷ್ಟರಲ್ಲಿ ಮಕ್ಕಳ ಕತ್ತಿನ ಮೇಲೆ ಬಿದ್ದಿತ್ತು. ಯೂನಿಫಾರ್ಮಿನ ಟೈ ನೀಲಿ. ಅಕ್ಷರಗಳೂ ನೀಲಿ. "ಮೂರು ಟೈ ಕೊಡಿ" ಎಂದಳು. ಮೂವತ್ತು ಬಂದವು. ಪಿನ್ನುಗಳು ಡ್ಯಾನ್ಸಿನ ಹುಡುಗಿಯರ ಘಾಘ್ರಾಗಳಿಂದ ಬಂದವು. ಅವಳು ಮೇಲೆ ಓಡಿ ಕಟಕಟೆಯ ಮೇಲೆ ಬಗ್ಗಿದಳು. ಬೀಳದ ಹಾಗೆ ಪೂರ್ವಿ ಮೇಡಂ ಹಿಂದಿನಿಂದ ಅವಳ ಸೊಂಟ ಹಿಡಿದುಕೊಂಡರು. ಅಂಥ ಸಲುಗೆ ಇಬ್ಬರ ನಡುವೆ ಅಲ್ಲಿಯ ತನಕ ಇರಲಿಲ್ಲ. ಪೂಜಾ ಕೆಳಗೆ ನಿಂತು ಕೈಯಾಡಿಸುತ್ತ ನಿರ್ದೇಶನ ಕೊಟ್ಟಳು.

ಮೊದಲ ಟೈಯನ್ನು ಮಡಚಿ ಡೊಂಕು ಮಾಡಿ ಎನ್ ಮೇಲೆ ಚುಚ್ಚಿದ್ದಾಯಿತು. ಎರಡನೆಯದು ಓ ಮೇಲೆ.

"ಮ್ಯಾಮ್, ಅದು ಉಲ್ಟಾ ವಾಲಿದೆ" ಎಂದು ಪೂಜಾ ಕೂಗಿದಳು. "ಈಗ ಫ್ರೆಂಚ್ ಗೆರೆ ಆಯ್ತು."

"ತೆಗಿ, ತೆಗಿ" ಎಂದು ಕಿಶೋರ್‌ಭಾಯಿ ಇಡೀ ಶಾಲೆಗೆ ಕೇಳಿಸುವಂತೆ ಹೇಳಿದರು. "ಏನಾದ್ರೂ ಆಗ್ಲಿ, ಫ್ರೆಂಚ್ ಬೇಡ."

ಮೂರನೆಯ ಟೈ ಕೊನೆಯ ಇ ಮೇಲೆ ಕೂತಾಗ ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿಸಿತು.

ಲುಸೀಯಾ ಐವತ್ತರ ಆಸುಪಾಸಿನ, ಗಟ್ಟಿ ಧ್ವನಿಯ ಹೆಂಗಸು. ಕಾರಿನಿಂದ ಇಳಿದವರೇ ಮಾಲೆಗೂ ಕತ್ತು ಕೊಡದೆ ಬ್ಯಾನರನ್ನೇ ನೋಡಿದರು. ಗಾಳಿಗೆ ಮೂರು ಟೈಗಳೂ ಮೆಲ್ಲಗೆ ಆಡುತ್ತಿದ್ದವು. ಆಕೆ ಶ್ರುತಿಯ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ ಕೇಳಿದರು, ಅವು ಮೊದಲು ಇರಲಿಲ್ಲ ಅಲ್ಲವೇ?

"ಹತ್ತು ನಿಮಿಷದ ಹಿಂದೆ ಬಂದವು" ಎಂದಳು ಶ್ರುತಿ.

ಲುಸೀಯಾ ವೇದಿಕೆಯ ಮೇಲೆ ಹೋಗಿ ಮೈಕು ಹಿಡಿದರು. ಶ್ರುತಿ ಪಕ್ಕದಲ್ಲಿ ಗುಜರಾತಿಗೆ ಅನುವಾದಿಸಲು ನಿಂತಳು. ಸೂರತ್ತಿನ ಬಟ್ಟೆ, ಸೂರತ್ತಿನ ಊಟ, ಸೂರತ್ತಿನ ಟ್ರಾಫಿಕ್, ಎಲ್ಲ ಸರಾಗವಾಗಿ ಹೋಯಿತು. ಆಮೇಲೆ ಆಕೆ ಕಿಶೋರ್‌ಭಾಯಿಯ ಕಡೆ ತಿರುಗಿ ನಕ್ಕರು.

"ಈ ಗೆರೆಗಳನ್ನು ನೋಡಿ ನನಗೆ ತುಂಬ ಸಂತೋಷವಾಯಿತು" ಎಂದರು. "ಏಕೆಂದರೆ ಏಳು ವರ್ಷಗಳಿಂದ ಪ್ರತಿ ಜನವರಿ ಒಂದನೇ ತಾರೀಕು ಕಿಶೋರ್ ನನ್ನ ಫೋನಿಗೆ ಒಂದು ಚಿತ್ರ ಕಳಿಸುತ್ತಾರೆ. ಗುಲಾಬಿ ಹೂವು, ಹುಟ್ಟುವ ಸೂರ್ಯ, ಎರಡು ಪಾರಿವಾಳ. ಮೇಲೆ ದೊಡ್ಡ ಅಕ್ಷರಗಳಲ್ಲಿ, ನಿಮಗೆ ಸುಖಕರವಾದ ಹೊಸ ಗುದದ್ವಾರ ದೊರೆಯಲಿ."

ಆರನೆಯ ಕ್ಲಾಸಿಗೆ ಅನುವಾದ ಬೇಕಾಗಿರಲಿಲ್ಲ. ಒಂದೇ ಸಾಲಿನಿಂದ ಎದ್ದ ನಗು ಇಡೀ ಅಂಗಳವನ್ನು ತಬ್ಬಿಬ್ಬು ಮಾಡಿತು. ಅರ್ಥವಾಗದ ಪೋಷಕರೂ ನಗು ಅಂಟಿಕೊಂಡು ನಕ್ಕರು. ಕಿಶೋರ್‌ಭಾಯಿ ಮುಂದಿನ ಸಾಲಿನಲ್ಲಿ ಕೂತು, ನಗುನಗುತ್ತಲೇ, ಶ್ರುತಿಯ ಬಾಯನ್ನೇ ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು.

ಲುಸೀಯಾ ಮೈಕನ್ನು ಅವಳ ಕೈಗೆ ಕೊಟ್ಟರು. ಅನುಮತಿ ಸಿಕ್ಕಿದ್ದು ನಿಜ, ಆದರೆ ಅದು ಒಂದು ವಾಕ್ಯಕ್ಕೆ ಸಿಕ್ಕಿದ್ದು, ಅದೂ ಕಿವಿಯಲ್ಲಿ ಹೇಳಲಿಕ್ಕೆ. ಇಲ್ಲಿ ಆರು ನೂರು ಜನ ಕೂತಿದ್ದರು.

"ಏಳು ವರ್ಷಗಳಿಂದ ಹೊಸ ವರ್ಷದ ದಿನ ಶುಭಾಶಯ ಕಳಿಸಲು ಮರೆಯದ ಕಿಶೋರ್‌ಭಾಯಿಯವರಿಗೆ ಅವರು ವಂದನೆ ಹೇಳುತ್ತಿದ್ದಾರೆ" ಎಂದಳು ಶ್ರುತಿ.

ಕಿಶೋರ್‌ಭಾಯಿ ಎದ್ದು ಎರಡೂ ಕೈ ಜೋಡಿಸಿ ಸಭೆಗೆ ನಮಸ್ಕರಿಸಿದರು. ಪೂಜಾ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ಶಾಲೆಗೆ ರಜೆ. ಶ್ರುತಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಕಿಶೋರ್‌ಭಾಯಿ ಬಂದು, ಯಾವಾಗಲೂ ಕೂರುವ ಟೇಬಲ್ ಬಿಟ್ಟು, ಅವಳ ಎದುರು ಕೂತರು. ಐತಾಳರು ಇಡ್ಲಿ ತಂದಿಟ್ಟು ಅಲ್ಲಿಯೇ ನಿಂತರು. ಮಗಳ ಕೆಲಸ ಹೋಗುವುದಾದರೆ ತಾವು ಹತ್ತಿರ ಇರಬೇಕೆಂದು ಅವರಿಗೆ ಅನಿಸಿರಬೇಕು.

"ಬೇಟಾ, ನೆನ್ನೆ ಆಕೆ ಬರೇ ವಂದನೆ ಹೇಳಿದ್ರೆ ಮಕ್ಕಳು ಯಾಕೆ ನಕ್ರು?"

ಶ್ರುತಿ ಕಾಫಿ ಕೆಳಗಿಟ್ಟಳು. ಸುಳ್ಳು ಹೇಳುವುದಾದರೆ ಇನ್ನೊಂದು ಹೇಳಬಹುದಿತ್ತು. ಆದರೆ ಈ ಮನುಷ್ಯ ಮುಂದಿನ ಜನವರಿಯಲ್ಲಿಯೂ ಗುಲಾಬಿ ಹೂವು ಕಳಿಸುತ್ತಾನಲ್ಲ ಎಂದುಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಹೂವು, ಸೂರ್ಯ, ಪಾರಿವಾಳ, ಹಾರೈಕೆ.

ಕಿಶೋರ್‌ಭಾಯಿ ಅರ್ಧ ಇಡ್ಲಿ ತಿಂದು ಮುಗಿಸಿದರು.

"ಆಕೆಗೆ ಒಬ್ಬಳಿಗೇ ಅಲ್ಲ ನಾನು ಕಳಿಸೋದು" ಎಂದರು ಕೊನೆಗೆ. "ಪೆರುವಿನಲ್ಲೂ ಗಿರಾಕಿಗಳಿದ್ದಾರೆ. ಕೊಲಂಬಿಯಾದಲ್ಲಿ ಒಬ್ಬ ಪಾದ್ರಿ ಇದ್ದಾರೆ, ಚರ್ಚಿಗೆ ಪರದೆ ಬಟ್ಟೆ ತಗೊಳ್ತಾರೆ." ಚಮಚ ಕೆಳಗಿಟ್ಟು, "ಒಬ್ಬರೂ ಹೇಳಲಿಲ್ಲ" ಎಂದರು.

"ಮಾಲು ಒಳ್ಳೇದಿರಬೇಕು ಸರ್."

"ಮಾಲು ಒಳ್ಳೇದೇ." ಅವರು ಜೇಬಿನಿಂದ ಫೋನ್ ತೆಗೆದು ಟೇಬಲ್ಲಿನ ಮೇಲಿಟ್ಟರು. "ಆ ಡೊಂಕು ಇದರಲ್ಲಿ ಎಲ್ಲಿದೆ ತೋರಿಸು. ಎಲ್ಲರಿಗೂ ಕ್ಷಮೆ ಕೇಳಬೇಕು. ಮತ್ತೆ ಪೂರ್ವಿಬೆನ್‌ಗೆ ಹೇಳ್ತೀನಿ, ಆ ಪದಗಳನ್ನ ಹೇಳಿಯೇ ಪಾಠ ಮಾಡ್ಲಿ. ಸೊಸೆಯನ್ನ ನಾನು ನೋಡ್ಕೊಳ್ತೀನಿ. ನನಗೆ ಇದನ್ನ ಆರನೇ ಕ್ಲಾಸಲ್ಲಿ ಯಾರಾದ್ರೂ ಹೇಳಿಕೊಟ್ಟಿದ್ರೆ ಎಷ್ಟು ಒಳ್ಳೇದಿತ್ತು."

ಎನ್ ಅಕ್ಷರವನ್ನು ಒತ್ತಿ ಹಿಡಿದರೆ ಡೊಂಕು ಮೇಲೆದ್ದು ಬರುತ್ತದೆಂದು ಶ್ರುತಿ ತೋರಿಸಿದಳು. ಅವರ ದಪ್ಪ ಬೆರಳು ಪಕ್ಕದ ಅಕ್ಷರಕ್ಕೆ ಜಾರುತ್ತಿತ್ತು. ಮತ್ತೆ ಮತ್ತೆ ಪ್ರಯತ್ನಿಸಿ ಬರೆದರು. ಕ್ಷಮೆ ಕೇಳುವ ಪೆರ್ದೋನ್ ಎಂಬ ಪದಕ್ಕೂ ಗೆರೆ ಬೇಕೆಂದು ಶ್ರುತಿ ಹೇಳಿದಾಗ, ಎನ್‌ನಿಂದ ಮುಗಿದೂ ಕೊನೆಯಲ್ಲಿ ಒತ್ತು ಬೀಳುವುದರಿಂದ ತಾನೇ ಎಂದು ಕೇಳಿದರು. ಮೊಮ್ಮಗಳು ನಗುವಿನ ಕಾರಣ ಮಾತ್ರ ಹೇಳುವಂತಿಲ್ಲ ಎಂದು, ರಾತ್ರಿಯೆಲ್ಲ ಕೂರಿಸಿಕೊಂಡು ನಿಯಮ ಹೇಳಿಕೊಟ್ಟಿದ್ದಳಂತೆ. ಒಬ್ಬೊಬ್ಬರಿಗೇ ಸಂದೇಶ ಹೋಯಿತು.

ಎರಡನೆಯ ಕಾಫಿ ಬರುವಷ್ಟರಲ್ಲಿ ಪೆರುವಿನಿಂದ ಉತ್ತರ ಬಂತು. ಅಲ್ಲಿ ನಡುರಾತ್ರಿಯಾಗುತ್ತಿತ್ತು, ಆ ಗಿರಾಕಿಗೆ ನಿದ್ದೆ ಇರಲಿಲ್ಲವೋ ಏನೋ. ಕಿಶೋರ್‌ಭಾಯಿ ಫೋನನ್ನು ಶ್ರುತಿಯ ಕಡೆ ತಿರುಗಿಸಿದರು.

"ಏನಂತೆ?"

ಶ್ರುತಿ ಎರಡು ಸಲ ಓದಿದಳು. "ಕ್ಷಮೆ ಬೇಡವಂತೆ. ಅವರು ಅದನ್ನ ನಿಮ್ಮ ದೇಶದ ಆಶೀರ್ವಾದ ಅಂದುಕೊಂಡಿದ್ದರಂತೆ. ಪದ್ಧತಿ ತಪ್ಪಬಾರದು ಅಂತ ಪ್ರತಿ ವರ್ಷ ನಿಮಗೂ ತಿರುಗಿ ಅದನ್ನೇ ಹಾರೈಸಿದ್ದಾರಂತೆ. ಮನಸಾರೆ."

ಕಿಶೋರ್‌ಭಾಯಿ ಫೋನನ್ನು ಹತ್ತಿರ ತಂದು ಹಳೆಯ ಸಂದೇಶಗಳನ್ನು ಮೇಲಕ್ಕೆ ಸರಿಸುತ್ತ ಹೋದರು. ಪ್ರತಿ ಜನವರಿಗೂ ಒಂದೊಂದು ಇತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಒಳ್ಳೇ ಮನುಷ್ಯ" ಎಂದರು ಗಂಭೀರವಾಗಿ. "ಹೋದ ಫೆಬ್ರುವರಿಯಲ್ಲಿ ನನ್ನ ಮೂಲವ್ಯಾಧಿ ಆಪರೇಷನ್ ಆಯ್ತು. ಆಮೇಲೆ ಒಂದು ದಿನವೂ ತೊಂದರೆ ಇಲ್ಲ."

ನಾರಾಯಣ ಐತಾಳರು ಖಾಲಿ ತಟ್ಟೆ ಎತ್ತಿಕೊಂಡು ಅಡಿಗೆ ಮನೆಯ ಕಡೆ ಬಿರಬಿರನೆ ನಡೆದರು. ಒಳಗೆ ತಟ್ಟೆ ಬಿದ್ದ ಸದ್ದು, ಅದರ ಹಿಂದೆಯೇ ಸುಮತಿ ಎಂತಾಯ್ತು ಎಂತಾಯ್ತು ಎಂದು ಕೇಳುತ್ತಿದ್ದದ್ದು ಹೊರಗಿನ ತನಕ ಕೇಳಿಸಿತು.